ಒಂದು ಸಾವು, ಎರಡು ಸನ್

ಬೀದರ್ ಸೀಮೆಯಲ್ಲಿರುವ ನಮ್ಮ ಮುತ್ತಜ್ಜನ ಗೋರಿಯ ಮೇಲೆ ಅವರು ತೀರಿಕೊಂಡ ವರ್ಷ 1316 ಎಂದಿದೆ. ಅವರ ತಮ್ಮ ಹೊಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡ ಉರ್ದು ಕಾಗದದಲ್ಲಿ ಅಣ್ಣ ಆಗಲೇ 'ಮರ್ಹೂಮ್', ವರ್ಷ 1309. ಬದುಕಿದ್ದ ಅಣ್ಣನನ್ನು ಸತ್ತನೆಂದು ಬರೆಸಿದರು ಎಂದು ನಮ್ಮ ಮನೆ ಮೂರು ತಲೆಮಾರು ನಂಬಿತು. ಆ ಮನೆಯ ಶಾದಿಗೂ ಹೋಗಲಿಲ್ಲ, ಮಯ್ಯತ್ತಿಗೂ ಹೋಗಲಿಲ್ಲ.

ಗೋರಿಯದು ಹಿಜರಿ ಸನ್, ಕಾಗದದ್ದು ಫಸಲಿ. ಹಿಜರಿ ಚಂದ್ರನ ಲೆಕ್ಕ, ವರ್ಷಕ್ಕೆ ಸುಮಾರು 354 ದಿನ. ಅದು ಬೆಳೆಯ ಕಾಲಕ್ಕೆ ಹೊಂದದು. ಆದ್ದರಿಂದ ನಿಜಾಮರ ಕಂದಾಯ ದಫ್ತರಗಳಲ್ಲಿ ಸೂರ್ಯನ ಲೆಕ್ಕದ ಫಸಲಿ ನಡೆಯುತ್ತಿತ್ತು. ಫಸಲಿಗೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ.

ಹಿಜರಿ 1316 ಮುಗಿದದ್ದು 1899ರ ಮೇ ತಿಂಗಳಲ್ಲಿ. ಫಸಲಿ 1309 ಶುರುವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಅಂದರೆ ಕಾಗದ ಹುಟ್ಟಿದ್ದು ಸಾವಿನ ನಂತರವೇ!

ಅಣ್ಣನ ಮಕ್ಕಳ ಪಾಲು ಅವರಿಗೆ ಸಂದಿತೇ ಎಂಬುದು ಬೇರೆ ಪ್ರಶ್ನೆ. ಅದನ್ನು ನಾವು ಇನ್ನೂ ಕೇಳುತ್ತೇವೆ. ಆದರೆ ಸುಳ್ಳು ಸಾವು ಬರೆಸಿದರೆಂಬ ಅಪವಾದವನ್ನು ಹಿಂದಕ್ಕೆ ಪಡೆಯಬೇಕು. ದಾಖಲೆಗಳು ಜಗಳವಾಡಿರಲಿಲ್ಲ. ಸನ್ ಯಾವುದೆಂದು ಕೇಳದೆ ಅಂಕಿ ಓದಿದವರು ನಾವು.