ಲಂಘನ: ಒಂದು ಪಾರಿಭಾಷಿಕ ಪದದ ಅರ್ಥಸಂಕೋಚ

ಲಂಘನವೆಂದೊಡನೆ ಇಂದಿನ ಕನ್ನಡಿಗನಿಗೆ ಹೊಳೆಯುವುದು ಉಪವಾಸ (ಹನುಮಂತನ ಸಮುದ್ರಲಂಘನದ ಮಾತು ಬೇರೆ). ಚರಕಸಂಹಿತೆಯ ಸೂತ್ರಸ್ಥಾನದ 22ನೆಯ ಅಧ್ಯಾಯವಾದರೋ ಶರೀರಕ್ಕೆ ಲಾಘವವನ್ನುಂಟುಮಾಡುವುದೆಲ್ಲವನ್ನೂ ಲಂಘನವೆಂದು ಕರೆದು 10 ಬಗೆಗಳನ್ನು ಹೇಳುತ್ತದೆ: ವಮನಾದಿ 4 ಶೋಧನಗಳು, ಬಾಯಾರಿಕೆಯ ನಿಗ್ರಹ, ಗಾಳಿ, ಬಿಸಿಲು, ಪಾಚನ, ಉಪವಾಸ, ವ್ಯಾಯಾಮ. ಉಪವಾಸವು ಇವುಗಳಲ್ಲೊಂದು ಮಾತ್ರ. ಅದೂ ಅಲ್ಪಬಲದ ರೋಗಗಳಿಗೆ ವಿಹಿತವಾದುದು. ಕಫಪಿತ್ತಗಳು ಉಲ್ಬಣಿಸಿದ, ಬಲಿಷ್ಠನೂ ಸ್ಥೂಲಕಾಯನೂ ಆದ ರೋಗಿಗೆ ಶೋಧನವೇ ಬೇಕು. ವಾಗ್ಭಟನ ಅಷ್ಟಾಂಗಹೃದಯವೂ ಲಂಘನವನ್ನು ಶೋಧನ, ಶಮನಗಳೆಂದು ವಿಭಾಗಿಸಿ, ಹಸಿವನ್ನು ಶಮನದ 7 ಬಗೆಗಳಲ್ಲಿ ಒಂದಾಗಿ ಎಣಿಸುತ್ತದೆ.

ಜ್ವರಾರಂಭದಲ್ಲಿ ಲಂಘನವನ್ನು ವಿಧಿಸುವ ಚರಕನು ಕ್ಷಯ, ವಾತ, ಭಯ, ಕ್ರೋಧ, ಶೋಕ, ಶ್ರಮ ಮೊದಲಾದವುಗಳಿಂದ ಬಂದ ಜ್ವರಗಳನ್ನು ಸ್ಪಷ್ಟವಾಗಿ ಹೊರತುಪಡಿಸುತ್ತಾನೆ. ರೋಗಿಯ ಬಲವು ಕುಂದಬಾರದೆಂದೂ ಎಚ್ಚರಿಸುತ್ತಾನೆ. ಲಂಘನವೇ ಪರಮೌಷಧವೆಂಬ ನಾಣ್ಣುಡಿಯಲ್ಲಿ ಈ ವಿವೇಕವೆಲ್ಲ ಅಳಿಸಿಹೋಗಿದೆ.

ಆದುದರಿಂದ 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ದಂತಹ ಕೃತಿಗಳಿಗೆ ಪದಕೋಶ ಸಿದ್ಧಪಡಿಸುವವರು ಲಂಘನದೆದುರು ‘ಉಪವಾಸ’ವೆಂದಷ್ಟೇ ಬರೆದು ಮುಂದುವರಿಯುವುದನ್ನು ನಾವು ಒಪ್ಪಲಾರೆವು. ಸೋಮನಾಥನು ಆಧಾರವಾಗಿರಿಸಿಕೊಂಡದ್ದು ಜೈನ ಪರಂಪರೆಯ ಪೂಜ್ಯಪಾದರ ಗ್ರಂಥವನ್ನು. ವ್ರತದ ಉಪವಾಸವೂ ಚಿಕಿತ್ಸೆಯ ಲಂಘನವೂ ಓದುಗನ ಮನಸ್ಸಿನಲ್ಲಿ ಬೆರೆತುಹೋಗುವ ಸಂಭವ ಅಲ್ಲಿ ಇನ್ನೂ ಹೆಚ್ಚು.