ಹಂಡೆಯ ತೂತು

ಹೇಮಾವತಿ ಹುಟ್ಟುವ ಜಾವಳಿಯಲ್ಲಿ ನೀರಿಗೆ ಬರವಿಲ್ಲ. ಮಳೆಗಾಲದಲ್ಲಿ ಬರ ಬಿಸಿನೀರಿಗೆ, ಒಣಸೌದೆಗೆ. ಕಾಫಿಸೀಮೆಯ ಚರಿತ್ರೆ ಬರೆಯ ಹೊರಟ ನಾನೂ ಬಹುಕಾಲ ಬಂಗಲೆಯ ಅಗ್ಗಿಷ್ಟಿಕೆಯ ಮುಂದೆಯೇ ಕೂತಿದ್ದೆ; ಹೊಗೆ ತುಂಬಿದ ಬಚ್ಚಲುಮನೆಗೆ ಇಳಿದಿರಲಿಲ್ಲ.

ಅಲ್ಲಿ ಮಣ್ಣಿನ ಒಲೆಯಲ್ಲಿ ಕತ್ತಿನವರೆಗೆ ಹೂತ ತಾಮ್ರದ ಹಂಡೆಯಿರುತ್ತಿತ್ತು. ಅದು ಸೋರತೊಡಗಿದರೆ ಮೊದಲು ತಿಳಿಯುವುದು ಕಿವಿಗೆ: ಉರಿಯೊಳಗೆ 'ಚುಂಯ್' ಸದ್ದು. ಆಗ ಒಲೆಯ ಮಣ್ಣು ಒಡೆದು, ಹಂಡೆ ಎತ್ತಿ, ಮಸಿ ಕೆರೆದು, ತೂತಿಗೆ ಬೆಸುಗೆ ಹಾಕಿಸಬೇಕು. ಬೆಸುಗೆಯ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಸೌದೆಯ ಉರಿ ಅದಕ್ಕಿಂತ ಎಷ್ಟೋ ಬಿಸಿ. ಆದರೂ ತೇಪೆ ನಿಲ್ಲುತ್ತದೆ, ಏಕೆಂದರೆ ಒಳಗಿನ ನೀರು ಕುದಿದರೂ 100 ಡಿಗ್ರಿ ದಾಟದೆ ಲೋಹದ ಬಿಸಿಯನ್ನು ಹೀರಿಕೊಳ್ಳುತ್ತಿರುತ್ತದೆ. ಬರಿ ಹಂಡೆಗೆ ಉರಿ ಹಾಕಿದರೆ ಅಜ್ಜಿ ಬೈಯುತ್ತಿದ್ದುದು ಬರೀ ಶಕುನಕ್ಕಲ್ಲ.

ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಹುಣಸೆಹಣ್ಣು, ಬೂದಿ ಹಾಕಿ ಹಂಡೆ ತಿಕ್ಕಬೇಕು. ಹುಣಸೆಯ ಹುಳಿ ತಾಮ್ರದ ಕಿಲುಬು ಕರಗಿಸುತ್ತದೆ. ಹಾಗೆ ತಿಕ್ಕುವಾಗಲೇ ಬಿರುಕು ಕಣ್ಣಿಗೆ ಬೀಳುವುದು. ಮಳೆ ಮುಗಿದು ಚಳಿ ಹೊಕ್ಕುವ ಮೊದಲು ಬರುವ ಈ ಹಬ್ಬವನ್ನು ನಾನು ವರ್ಷದ ರಿಪೇರಿ ದಿನವೆಂದೇ ಓದುತ್ತೇನೆ. (ಪುರೋಹಿತರು ಒಪ್ಪಲಿಕ್ಕಿಲ್ಲ.)

ನಮ್ಮ ಹಂಡೆ ಕೊನೆಯ ಸಲ ಸೋರಿದಾಗ ಬೆಸುಗೆಯವರು ಸಿಗಲಿಲ್ಲ. ತೂಕಕ್ಕೆ ಹೋಯಿತು. ಕಳೆದ ದೀಪಾವಳಿಗೆ ಅಮ್ಮ ಗೀಸರಿನ ಕೆಳಗೆ ಸ್ಟೀಲ್ ಬಕೆಟ್ ಇಟ್ಟು, ಅದರ ಕತ್ತಿಗೇ ಸುಣ್ಣದ ಗೆರೆ ಎಳೆದರು.