ಏಳು ದಿನದ ತರಬೇತಿ, ಇಪ್ಪತ್ತೈದು ದಿನದ ಹುಳು

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹೆಸರಾದದ್ದು ರತ್ನದ ಕಲ್ಲುಗಳ ವ್ಯಾಪಾರಕ್ಕೆ. ಕಲ್ಲಿನ ಗುಣ ಗುರುತಿಸಲು ಪುಸ್ತಕ ಓದಿದರೆ ಸಾಲದು; ಬಲ್ಲವರ ಪಕ್ಕ ಕೂತು, ಬೆಳಕಿಗೆ ಹಿಡಿದು ನೋಡಿ ನೋಡಿ ಕಣ್ಣು ಪಳಗಬೇಕು. ಈ ಜಿಲ್ಲೆಯ ರೇಷ್ಮೆ ಕಸುಬೂ ಅದೇ ಜಾತಿಯದು. ಯುವ ರೈತರಿಗೆ ಅದನ್ನು ಕಲಿಸುವ ಕ್ರಮ ಮಾತ್ರ ಹಾಗಿಲ್ಲ.

ಸಂಸ್ಥೆಗಳಿಗೇನೂ ಕೊರತೆಯಿಲ್ಲ. ಶಿಡ್ಲಘಟ್ಟದಲ್ಲಿ ದೊಡ್ಡ ಗೂಡಿನ ಮಾರುಕಟ್ಟೆಯಿದೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ, ಅಲ್ಲೇ ಕುರುಬೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇಂಥ ಕೇಂದ್ರಗಳಲ್ಲಿ ದೇಶದ ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಆರಂಭವಾಯಿತು. ಮಾಡಿ ಕಲಿಯಬೇಕೆಂಬುದೇ ಅವುಗಳ ಮೂಲ ತತ್ವ. ಆದರೆ ಗ್ರಾಮೀಣ ಯುವಜನರ ಕೌಶಲ ತರಬೇತಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿರುವ ಅವಧಿ 7 ದಿನ. ಹುಳು ಮೊಟ್ಟೆಯೊಡೆದು ಹಣ್ಣಾಗುವುದಕ್ಕೆ ಬೇಕಾದದ್ದು ಸುಮಾರು 25 ದಿನ, ನಡುವೆ ನಾಲ್ಕು ಜ್ವರ. ಒಟ್ಟಿಗೆ ಏಳು ದಿನ ಯಾವಾಗ ನಡೆಸಿದರೂ ಕಾಣುವುದು ಬೆಳೆಯ ಒಂದು ತುಂಡು.

ಜ್ವರವೆಂದರೆ ರೋಗವಲ್ಲ, ಹುಳು ಪೊರೆ ಬಿಡುವ ಹೊತ್ತು. ಸೊಪ್ಪು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ಆಗ ಸೊಪ್ಪು ನಿಲ್ಲಿಸಬೇಕು, ಸುಣ್ಣದ ಪುಡಿ ಉದುರಿಸಿ ಹಾಸು ಒಣಗಿಸಬೇಕು. ನೂರಕ್ಕೆ 95 ಹುಳು ಎದ್ದ ಮೇಲೆಯೇ ಮತ್ತೆ ಸೊಪ್ಪು. ಮೊದಲೆದ್ದವು ಹಸಿದಾವೆಂದು ಮರುಗಿ ಹಾಕಿದರೆ ಹುಳು ಏರುಪೇರಾಗುತ್ತವೆ, ಹಣ್ಣಾಗುವುದೂ ಹಿಂದುಮುಂದಾಗುತ್ತದೆ. ಕೊನೆಯ ಹಂತದಲ್ಲಿ ಊಜಿ ನೊಣದ ಕಾಟ ಬೇರೆ. 1980ರಲ್ಲಿ ಕರ್ನಾಟಕಕ್ಕೆ ಬಂದ ಈ ನೊಣ ಹುಳುವಿನ ಮೈಮೇಲೆ ಇಡುವ ಪುಟ್ಟ ಬಿಳಿ ಮೊಟ್ಟೆಯನ್ನೂ, ಮರಿ ಒಳಹೊಕ್ಕಲ್ಲಿ ಉಳಿಯುವ ಕಪ್ಪು ಕಲೆಯನ್ನೂ ಪರದೆಯ ಮೇಲೆ ದೊಡ್ಡದಾಗಿ ತೋರಿಸಬಹುದು. ಮಬ್ಬು ಬೆಳಕಿನ ಹುಳು ಮನೆಯಲ್ಲಿ ಅದನ್ನು ಹುಡುಕಿ ತೆಗೆಯುವುದು ಬೇರೆ ವಿದ್ಯೆ.

ಅವಧಿ ಹೆಚ್ಚಿಸಿ ಎಂಬುದು ನನ್ನ ವಾದವಲ್ಲ. ಅದೇ ಏಳು ದಿನವನ್ನು ಒಡೆದು ಒಂದು ಬೆಳೆಯುದ್ದಕ್ಕೂ ಹರಡಬೇಕು: ಹುಳು ಮನೆ ತೊಳೆದು ಔಷಧಿ ಹೊಡೆಯುವ ದಿನ, ಚಾಕಿ ಹುಳು, ಅಂದರೆ ಎಳೆಯ ಹುಳು ತರುವ ದಿನ, ಮೂರನೆಯ, ನಾಲ್ಕನೆಯ ಜ್ವರಗಳು, ಊಜಿಯ ಕಾವಲು, ಹಣ್ಣು ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವುದು, ಮಾರುಕಟ್ಟೆ. ಪಾಠ ನಡೆಯಬೇಕಾದದ್ದು ಹತ್ತಿರದ ಊರಿನ ಅನುಭವಿಯೊಬ್ಬರ ಹುಳು ಮನೆಯಲ್ಲಿ. ಗೌರಿಬಿದನೂರು ಇರುವುದು ಜಿಲ್ಲೆಯ ಪಡುವಣ ತುದಿಯಲ್ಲಿ, ಕೇಂದ್ರವಿರುವ ಚಿಂತಾಮಣಿ ಮೂಡಣದಲ್ಲಿ. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕಾದ ಹುಡುಗ ವಾರವಿಡೀ ಅಲ್ಲಿ ಹೋಗಿ ಕೂರಲಾರ. ಮನೆಯ ಹೆಣ್ಣುಮಕ್ಕಳಂತೂ ಹೊರಡುವ ಮಾತೇ ಇಲ್ಲ, ಹುಳುವಿನ ಬಹುಪಾಲು ಕೆಲಸ ಅವರದೇ ಆದರೂ.

ಇನ್ನು ಪ್ರಮಾಣಪತ್ರ. ಅದನ್ನು ಕಲಿತವರ ಗೂಡು ಹರಾಜಾದ ದಿನ, ಮಾರುಕಟ್ಟೆಯಲ್ಲೇ ಕೊಡಲಿ.